ಗಿರಣಿ ಗೋಡೆಗೆ ಸುಣ್ಣ

ಅನುದಾನ ಕಚೇರಿಯ ಸಾಹೇಬರಿಗೆ ನಮಸ್ಕಾರ.

ನಮ್ಮ ಹಳೇ ಗಿರಣಿಯ ಗೋಡೆ ಉಳಿಸೋಕೆ ಅನುದಾನ ಕೇಳಿದ್ದೆ. ಮುಷ್ಕರದ ದಿನಗಳಲ್ಲಿ ಕಾರ್ಮಿಕರು ಇದ್ದಿಲಿನಿಂದ ತಮ್ಮ ಹೆಸರು ಬರೆದಿದ್ದ ಗೋಡೆ ಅದು. ಅವರಲ್ಲಿ ಈಗ ಬದುಕಿರೋದು ನಮ್ಮಪ್ಪ ಒಬ್ಬರೇ.

ಮುಂದಿನ ವಾರ ನೀವು ನೋಡೋಕೆ ಬರ್ತೀರಿ ಅಂತ ಅಪ್ಪನಿಗೆ ಹೇಳಿದ್ದೇ ತಡ, "ದೊಡ್ಡವರು ಬರೋವಾಗ ಗೋಡೆ ಹೀಗಿದ್ರೆ ನಮ್ಮ ಮರ್ಯಾದೆ ಏನಾಗ್ಬೇಕು" ಅಂತ ಪೂರ್ತಿ ಸುಣ್ಣ ಬಳಿದುಬಿಟ್ಟಿದ್ದಾರೆ. ಒಂದು ಮೂಲೆ ತೊಳೆದು ನೋಡಿದೆ. ಸುಣ್ಣದ ಜೊತೆ ಇದ್ದಿಲೂ ಹೋಯ್ತು.

ಅರ್ಜಿ ವಾಪಸ್ ತಗೋತಿದ್ದೀನಿ. ಆದರೂ ದಯವಿಟ್ಟು ಒಂದು ಸಲ ಬಂದು ಹೋಗಿ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕ್ಕೊಂಡು ಗಿರಣಿ ಬಾಗಿಲಲ್ಲೇ ಕಾಯ್ತಿರ್ತಾರೆ. ಗೋಡೆ ಚೊಕ್ಕವಾಗಿದೆ ಅಂತ ಒಂದು ಮಾತು ಹೇಳಿಬಿಡಿ. ನೀವು ನೋಡಬೇಕು ಅಂತಿದ್ದದ್ದೇ ಆ ಹೆಸರುಗಳನ್ನ ಅಂತ ಮಾತ್ರ ಬಾಯಿಬಿಡಬೇಡಿ.

ಇಂತಿ,
ಅರ್ಜಿ ಹಾಕಿದ್ದವಳು