ದೋಣಿಯ ಕೀಲಿ ವಶದಲ್ಲಿಟ್ಟುಕೊಂಡು ಮಾಡುವ ಬಿನ್ನಹ

ತಾಮ್ ಜಿಯಾಂಗ್ ಹಿನ್ನೀರು, ಮಧ್ಯಾಹ್ನ

ನೀರಿನ ಪರೀಕ್ಷೆಗೆ ದಯಮಾಡಿಸಿರುವ ಖಿಯೆಮ್ ಚಿಕ್ಕಪ್ಪನವರ ಸನ್ನಿಧಾನಕ್ಕೆ,

ತಮ್ಮ ದೋಣಿಯ ಕೀಲಿ ಕಳೆದಿಲ್ಲ, ನನ್ನ ಸುಪರ್ದಿನಲ್ಲಿ ಕ್ಷೇಮವಾಗಿದೆ. ಇಂದು ನಮ್ಮಲ್ಲೇ ತಂಗಿ, ನಾಳೆ ಸೂರ್ಯ ಮೂಡುವ ಮೊದಲು ಇನ್ನೊಮ್ಮೆ ನೀರು ಅಳೆದರೆ ಮರಳಿ ಸಲ್ಲಿಸಲಾಗುವುದು.

ಪ್ರತಿ ಸಲವೂ ತಾವು ಬೆಳಗಾಗುತ್ತಲೇ ಬರುತ್ತೀರಿ. ಅಜ್ಜಿ, "ಉಣ್ಣದೆ ಯಾರೂ ನಮ್ಮನೆಯಿಂದ ನೀರಿಗಿಳಿದಿಲ್ಲ, ಕೂತ್ಕೋ ಮಗಾ" ಎಂದು ಮರುವಾಯಿ ಚಿಪ್ಪಿನ ಅನ್ನ ಬಡಿಸುತ್ತಾಳೆ. ತಾವು "ಒಂದೇ ಬಟ್ಟಲು ಅಜ್ಜಿ" ಎನ್ನುತ್ತ ಮೂರು ಮುಗಿಸುತ್ತೀರಿ. ಅಷ್ಟರಲ್ಲಿ ಬಿಸಿಲೇರಿ, ಪಾಚಿ ಉಸಿರು ಬಿಟ್ಟು, ನೀರಿಗೆ ಜೀವ ಬಂದಿರುತ್ತದೆ. ನೀರಿನೊಳಗಿನ ಗಾಳಿ ಅಳೆಯುವ ತಮ್ಮ ಯಂತ್ರ "ಉತ್ತಮ" ಎನ್ನುತ್ತದೆ. ಇಂದೂ ಹಾಗೇ ಆಯಿತು. ಈ "ಉತ್ತಮ" ಕಚೇರಿ ತಲುಪಿದರೆ ಸಿಗಡಿ ಕೊಳದವರು ಅನುಮತಿ ಪಡೆದು ನಾಳೆಯೇ ತೂಬು ತೆರೆದು ಕೊಳೆನೀರು ಬಿಡುತ್ತಾರೆ. ಹಿನ್ನೀರಿನಲ್ಲಿ ಮೀನು ಸಾಕುವ ನಮ್ಮ ಪಂಜರದಲ್ಲಿ ಒಂದು ಮೀನೂ ಉಳಿಯುವುದಿಲ್ಲ.

ನಸುಕಿನಲ್ಲಿ ಮೀನುಗಳು ಒದ್ದಾಡುತ್ತಿವೆ ಎಂದು ಅಜ್ಜಿ ಹೇಳಿದಾಗ ತಾವು, "ಯಂತ್ರ ಸುಳ್ಳು ಹೇಳುತ್ತಾ ಅಜ್ಜಿ?" ಎಂದಿರಿ. ಅನ್ನ ಆಮೇಲೆ ಬಡಿಸು ಎಂದು ನಾನಂದರೆ ಅವಳು, "ಅತಿಥಿ ಹೊಟ್ಟೆಗೂ ಮೀನಿನ ಉಸಿರಿಗೂ ಏನೇ ಸಂಬಂಧ, ತರಲೆ" ಎಂದು ಸೌಟು ತೋರಿಸಿದಳು.

ನಸುಕಿನಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಆಗ ಅಜ್ಜಿ ದೋಣಿಯ ಹುಟ್ಟಿನಿಂದ ನೀರು ಬಡಿದು ಬಡಿದು ಗಾಳಿ ಸೇರಿಸುತ್ತಾಳೆ. ಮೊನ್ನೆ ಅಲ್ಲೇ ಕುಸಿದು ಕೂತಳು. ನಾಳೆ ಯಂತ್ರವನ್ನು ನಾನು ಹಿಡಿಯುತ್ತೇನೆ. ತಾವು ಅವಳ ಕೈಯಿಂದ ಹುಟ್ಟು ತೆಗೆದುಕೊಳ್ಳಬೇಕು. ನಾನು ಕೇಳಿದರೆ ಅವಳು ಕೊಡುವುದಿಲ್ಲ.

ಇಂತು, ತಮ್ಮ ಆಜ್ಞಾಧಾರಕಳಲ್ಲದ
ದಿಯೆಪ್