ಪರವಾಗಿಲ್ಲ ಅನ್ನಬೇಡ

ಸೋಮವಾರ, ಮಾರ್ಚ್ ೯
ದೊಡ್ಡಮ್ಮನ ಮನೆಯ ಹೊರಕೋಣೆಯಿಂದ

ಪ್ರೀತಿಯ ಗೂಬೆ,

ಹೇಗಿದ್ದೀಯ? ಮೊದಲು ನನ್ನ ಕಿವಿ ಹಿಂಡು, ಆಮೇಲೆ ಓದು. ನಾಲ್ಕು ತಿಂಗಳಿಂದ ನಿನಗೆ ಒಂದಕ್ಷರ ಬರೆದಿಲ್ಲ. ಫೋನಿನಲ್ಲಿ ಹನ್ನೊಂದು ಸಲ ಬರೆದೆ, ಹನ್ನೊಂದು ಸಲವೂ ಅಳಿಸಿದೆ. ಕಾಗದದಲ್ಲಿ ಹೊಡೆದುಹಾಕಿದರೂ ಕಾಣುತ್ತದೆ, ಅದಕ್ಕೇ ಪೆನ್ನು ಹಿಡಿದೆ. ನೀನಿನ್ನೂ ನನ್ನ ಗೆಳತಿಯೋ ಅಲ್ಲವೋ ಅನ್ನುವ ಹೆದರಿಕೆ ನನಗೆ. ಕಾರಣ ನಿನಗೂ ಗೊತ್ತು. ಕಾಗದ ಮುಗಿಯುವುದರೊಳಗೆ ಧೈರ್ಯ ಬಂದರೆ ನಾನೇ ಹೇಳುತ್ತೇನೆ.

ಕಾಲೇಜು ದೊಡ್ಡದು, ನಾನು ಚಿಕ್ಕವಳು. ಹಾಜರಿ ಕೂಗುವಾಗ 'ಎಸ್ ಸರ್' ಅನ್ನಲು ಹೆದರಿ, ಮುಂದಿನ ಬೆಂಚಿನಲ್ಲೇ ಕೂತು ಎರಡು ಸಲ ಆಬ್ಸೆಂಟ್ ಆದೆ. ಇದನ್ನು ಕೇಳಿದ ದೊಡ್ಡಮ್ಮ, 'ಫೋನಲ್ಲಿ ನಾಲ್ಕು ಜನರ ಹತ್ರ ಮಾತಾಡು, ಸರಿಹೋಗ್ತೀಯ' ಎಂದು ತಮ್ಮ ಕೌನ್ಸೆಲಿಂಗ್ ರೂಮಿನ ಹೊರಗೆ ಒಂದು ಮೇಜು ಹಾಕಿ ಕೂರಿಸಿದರು. ವಾರಕ್ಕೆ ಮೂರು ಸಂಜೆ ಕೆಲಸ. ಅಪಾಯಿಂಟ್‌ಮೆಂಟ್ ಬರೆದುಕೊಳ್ಳಬೇಕು, ನೀರಿನ ಜಗ್ಗು ತುಂಬಿಸಬೇಕು. ಅಷ್ಟೇ ಆಗಿದ್ದರೆ ರಾಣಿಯ ಹಾಗೆ ಇರುತ್ತಿದ್ದೆ. ಆದರೆ ಗೋಡೆಯ ಮೇಲೊಂದು ನಿಯಮವಿದೆ: ಇಪ್ಪತ್ನಾಲ್ಕು ಗಂಟೆ ಮುಂಚೆ ತಿಳಿಸದೆ ತಪ್ಪಿಸಿದರೆ ಪೂರ್ತಿ ಫೀಸು. ಅದನ್ನು ಫೋನ್ ಮಾಡಿ ಹೇಳಬೇಕಾದವಳು ನಾನು! ಕ್ಯಾಂಟೀನಿನಲ್ಲಿ ಚಿಲ್ಲರೆ ವಾಪಸ್ ಕೇಳಲೂ ನಿನ್ನನ್ನು ಕಳಿಸುತ್ತಿದ್ದವಳು.

ಜನ ಹೇಳುವ ನೆಪಗಳೋ, ಕೇಳಬೇಕು. ಒಬ್ಬ ಹೆಂಗಸಿನ ಕಾರು ಒಂದೇ ತಿಂಗಳಲ್ಲಿ ಐದು ಸಲ ಪಂಕ್ಚರ್ ಆಯಿತು. ಕಾರಿಗೆ ನಾಲ್ಕೇ ಚಕ್ರ ಅಂದುಕೊಂಡಿದ್ದೆ. ಇನ್ನೊಬ್ಬರು, 'ಇವತ್ತು ನಮ್ಮ ನಾಯಿ ಯಾಕೋ ಬೇಜಾರಲ್ಲಿದೆ, ಬಿಟ್ಟು ಬರೋಕಾಗಲ್ಲ' ಅಂದರು. ನಾನು ಎಲ್ಲರಿಗೂ 'ಪರವಾಗಿಲ್ಲ, ಪರವಾಗಿಲ್ಲ' ಅನ್ನುತ್ತಿದ್ದೆ.

'ಅದು ಬಾಯೋ, ಸೋರೋ ನಲ್ಲಿಯೋ?' ಎಂದು ದೊಡ್ಡಮ್ಮ ರೇಗುತ್ತಿದ್ದರು.

ಈಗ ಮುಖ್ಯ ಸಂಗತಿ. ಮಂಗಳವಾರ ಐದು ಗಂಟೆಗೆ ಒಬ್ಬರು ಬರುತ್ತಾರೆ. ಬೀಗದವರು ಅಂತ ಕರೆಯುತ್ತೇನೆ. ಅದು ಅವರ ಕಸುಬಲ್ಲ. ನಿಜವಾದ ಹೆಸರು ಬರೆದರೆ ದೊಡ್ಡಮ್ಮ ನನ್ನ ಬಾಯಿಗೆ ಬೀಗ ಹಾಕುತ್ತಾರೆ. ಒಳಗೆ ಏನು ಮಾತಾಡುತ್ತಾರೋ ನನಗೆ ಗೊತ್ತಿಲ್ಲ. ಹೊರಗಂತೂ ಮಳೆ, ಬಿಸಿಲು ಬಿಟ್ಟು ಬೇರೆ ಮಾತಿಲ್ಲದ, ಅರವತ್ತು ದಾಟಿದ ಮನುಷ್ಯ.

ಒಂದು ಮಂಗಳವಾರ ಅವರು ಬರಲಿಲ್ಲ. ದೊಡ್ಡಮ್ಮ ತಮ್ಮ ಕುರ್ಚಿಯಲ್ಲಿ ಕೂತೇ ಇದ್ದರು, ಎದುರಿಗೆ ಖಾಲಿ ಕುರ್ಚಿ. ಟೀ ಮಾಡಲಾ ಅಂದೆ. 'ಆರು ಗಂಟೆ ಆಗ್ಲಿ. ಈ ಗಂಟೆ ಅವರದ್ದು ಕಣೇ, ಬಂದ್ರೂ ಬರದಿದ್ರೂ' ಅಂದರು.

ಮರುದಿನ ನಾನು ಫೋನ್ ಮಾಡಿದಾಗ, ಪಾಪ, ಅವರೇ ಕೇಳಿದರು. 'ಮರೆತುಬಿಟ್ಟೆನಮ್ಮಾ. ಫೀಸು ಕೊಡ್ಬೇಕಲ್ವಾ?'

'ಅಯ್ಯೋ, ಪರವಾಗಿಲ್ಲ ಸರ್! ಏನೂ ಬೇಡ. ನೀವು ಬರದಿದ್ರೂ ಪರವಾಗಿಲ್ಲ!'

'ಓಹೋ. ಹಾಗಾ' ಅಂದು ಫೋನ್ ಇಟ್ಟುಬಿಟ್ಟರು. ಎಷ್ಟು ಒಳ್ಳೆಯವಳು ನಾನು ಅಂತ ಖುಷಿಪಟ್ಟೆ.

ಮುಂದಿನ ಮಂಗಳವಾರವೂ ಅವರು ಬರಲಿಲ್ಲ.

'ಅವತ್ತು ಅವರಿಗೆ ಏನಂದೆ? ಅಕ್ಷರ ಬಿಡದೆ ಹೇಳು' ಅಂದರು ದೊಡ್ಡಮ್ಮ. ಹೇಳಿದೆ. ಅವರು ಹಣೆ ಹಿಡಿದುಕೊಂಡರು. 'ಬರದಿದ್ರೂ ಪರವಾಗಿಲ್ಲ ಅಂದ್ರೆ ಏನೇ ಅರ್ಥ? ನೀವಿದ್ರೂ ಒಂದೇ, ಇಲ್ಲದಿದ್ರೂ ಒಂದೇ ಅಂತ. ಫೀಸು ಕೇಳೋದು ದಂಡ ಹಾಕೋಕಲ್ಲ. ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನ ಕೂರಿಸಲಿಲ್ಲ, ನಿಮಗೇ ಇಟ್ಟಿದ್ವಿ ಅಂತ ಹೇಳೋಕೆ. ತಗೋ ಫೋನು.'

ಜಗ್ಗಿನ ಎದುರು ನಿಂತು ಮೂರು ಸಲ ಅಭ್ಯಾಸ ಮಾಡಿ, ನಂಬರ್ ಒತ್ತಿ, ಒಂದೇ ಉಸಿರಿಗೆ ಹೇಳಿದೆ: 'ಸರ್, ನೀವು ಫೀಸು ಕೊಡ್ಬೇಕು. ಎರಡೂ ಮಂಗಳವಾರ ದೊಡ್ಡಮ್ಮ ಐದರಿಂದ ಆರರವರೆಗೂ ಕಾಯ್ತಾ ಕೂತಿದ್ರು.'

'ಯಾರ ದೊಡ್ಡಮ್ಮ?'

'ಅಂದ್ರೆ... ಮೇಡಂ! ಮೇಡಂ ಕಾಯ್ತಿದ್ರು.'

'ಎರಡನೇ ವಾರಾನೂ?'

'ಹೂಂ ಸರ್. ಟೀ ಕೂಡ ಕುಡೀಲಿಲ್ಲ.'

ಅವರು ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. 'ಹಾಗಾದ್ರೆ ಟೀ ದುಡ್ಡೂ ಸೇರಿಸಿ ಹಾಕಮ್ಮಾ. ನಾಳಿದ್ದು ಯಾವುದಾದ್ರೂ ಗಂಟೆ ಖಾಲಿ ಇದೆಯಾ?'

ಬಂದರು ಕಣೇ, ಇಪ್ಪತ್ತು ನಿಮಿಷ ಮುಂಚೆಯೇ. ನನ್ನನ್ನು 'ಏನು ದೊಡ್ಡಮ್ಮಾ, ಚೆನ್ನಾಗಿದ್ದೀರಾ?' ಎಂದು ಮಾತಾಡಿಸಿದರು. ಈಗ ಬರುವವರೆಲ್ಲರಿಗೂ ನನ್ನ ಹೆಸರು ಅದೇ. ಎರಡನೇ ವಾರದ ಫೀಸನ್ನು ಅವರಿಂದ ತೆಗೆದುಕೊಳ್ಳಲು ಅಸಲಿ ದೊಡ್ಡಮ್ಮ ಒಪ್ಪಲಿಲ್ಲ. 'ಅದು ನಿನ್ನ ನಾಲಿಗೆಯ ಖರ್ಚು' ಎಂದು ನನ್ನ ಸಂಬಳದಲ್ಲಿ ಹಿಡಿದರು. ಪಂಕ್ಚರ್ ಹೆಂಗಸಿಗೂ ಮೊನ್ನೆ ನಿಯಮ ಹೇಳಿದೆ. ಕಾರು ಸರಿಹೋಗಿದೆಯಂತೆ!

ನಿನ್ನ ಅಪ್ಪನಿಗೆ ನಮಸ್ಕಾರ ಹೇಳು. ತಮ್ಮನ ಗಣಿತ ಪಾಸಾಗಲಿ. ನೀನು ರಾತ್ರಿ ಸರಿಯಾಗಿ ನಿದ್ದೆ ಮಾಡುವಂತಾಗಲಿ, ಹೊಟ್ಟೆ ತುಂಬ ಊಟ ಸೇರಲಿ. ಯಾರಾದರೂ ನಿನ್ನನ್ನು ದಿನಕ್ಕೊಂದು ಸಲವಾದರೂ ನಗಿಸಲಿ.

ನಿನ್ನ,
ಪುಕ್ಕಲಿ

ವಿ. ಸೂ.: ಇಷ್ಟುದ್ದ ಬರೆದೆ, ನಿನ್ನ ಅಮ್ಮನ ಸುದ್ದಿಯನ್ನೇ ಎತ್ತಲಿಲ್ಲ. ಅವರು ಹೋದ ದಿನ ನನಗೆ ಪರೀಕ್ಷೆ ಇದೆ ಅಂತ ಮೆಸೇಜ್ ಮಾಡಿದ್ದೆ. ಇರಲಿಲ್ಲ ಕಣೇ. ನಿಮ್ಮ ಬೀದಿಯ ತನಕ ಬಂದಿದ್ದೆ. ಬಾಗಿಲ ಮುಂದೆ ಅಷ್ಟೊಂದು ಚಪ್ಪಲಿ ನೋಡಿ, ಒಳಗೆ ಬಂದರೆ ನಿನಗೆ ಏನು ಹೇಳಬೇಕು ಅಂತ ತಿಳಿಯದೆ, ವಾಪಸ್ ಬಸ್ಸು ಹತ್ತಿದೆ. ನಾವಿಬ್ಬರೂ ಹಾಸ್ಟೆಲಿನಲ್ಲಿದ್ದಾಗ, ನನ್ನನ್ನು ನೋಡಲು ಯಾರೂ ಬಾರದ ಭಾನುವಾರಗಳಲ್ಲಿ ನಿನ್ನ ಅಮ್ಮ ಡಬ್ಬಿಯ ಜೊತೆ ಎರಡು ಚಮಚ ತರುತ್ತಿದ್ದರು. ಅಂಥವರ ಮನೆಯೊಳಕ್ಕೆ ನಾನು ಕಾಲಿಡಲಿಲ್ಲ. ನೀನು 'ಪರವಾಗಿಲ್ಲ ಬಿಡು' ಅಂತ ಉತ್ತರ ಬರೆದೆ. ಅವತ್ತು ಅದನ್ನು ಓದಿ ಬಚಾವಾದೆ ಅಂದುಕೊಂಡೆ. ಬೀಗದವರು ಎರಡನೇ ಸಲ ಫೋನಿಟ್ಟ ಮೇಲೆ ನಿನ್ನ ಮೆಸೇಜು ತೆಗೆದು ಮತ್ತೆ ಓದಿದೆ.

ಇನ್ನೊಂದು ಸಲ ಹಾಗೆ ಅನ್ನಬೇಡ. ಬಯ್ಯಿ. ಶನಿವಾರ ಬೆಳಿಗ್ಗೆ ಬರುತ್ತೇನೆ. ಏನು ಹೇಳಬೇಕು ಅಂತ ನನಗೆ ಈಗಲೂ ಗೊತ್ತಿಲ್ಲ. ಗೊತ್ತಿಲ್ಲದೆಯೇ ಬರುತ್ತೇನೆ.