ಮಂಗಳವಾರದ ಮೇಜು

ಮನೆಯಿಂದ,
ಹದಿನಾಲ್ಕನೇ ತಾರೀಖು, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತಾ? ಕಳೆದ ಸಲ ಕಳಿಸಿದ ಎಣ್ಣೆ ಹಚ್ಚಿಕೊಳ್ಳುತ್ತಿದ್ದೀಯೋ, ಇಲ್ಲ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಅದರ ಮುಖ ನೋಡುತ್ತಾ ಕೂತಿದ್ದೀಯೋ? ನಿನ್ನ ಸೋಮಾರಿತನ ನನಗೆ ಗೊತ್ತಿಲ್ಲದ್ದೇನಲ್ಲ. ಇಲ್ಲಿ ನಾವಿಬ್ಬರೂ ಆರಾಮ. ನಿನ್ನ ಮಗಳು ಚೂಟಿ ಮೈ ಬೆಳೆಸದಿದ್ದರೂ ನಾಲಿಗೆ ಚೆನ್ನಾಗಿ ಬೆಳೆಸಿದ್ದಾಳೆ. ತಾಯಿಯಿಲ್ಲದ ಮಗು ಎಂದು ನಾನೇ ತಲೆಯ ಮೇಲೆ ಕೂರಿಸಿಕೊಂಡೆ, ಈಗ ಇಳಿ ಎಂದರೆ ಇಳಿಯುತ್ತಾಳಾ? ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಮಾತಾಡುವಾಗ ನಿಮ್ಮ ಮೇಸ್ತ್ರಿ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ನಿಂತಿರುತ್ತಾನೆ. ನಮ್ಮ ಬೀದಿಯ ಲಾರಿ ಡ್ರೈವರ್ ಇವತ್ತು ಸಂಜೆ ನಿಮ್ಮ ಕಡೆ ಹೊರಟಿದ್ದಾನೆ. ನಾಳೆ ನಿನ್ನ ಕೈಗೇ ಕೊಡುತ್ತೇನೆ ಎಂದಿದ್ದಾನೆ, ಅದಕ್ಕೇ ಈ ಕಾಗದ.

ನಮ್ಮ ತರಬೇತಿ ಕೇಂದ್ರ ಮೊದಲಿನ ಹಾಗಿಲ್ಲ ಅಣ್ಣಾ. ನಾನು ಅಡುಗೆ ಕಲಿಸುವ ಕೋಣೆಯ ಪಕ್ಕದ ಗೋಡೆ ಒಡೆದು ಉದ್ಯೋಗ ಕಚೇರಿಯವರನ್ನು ತಂದು ಕೂರಿಸಿದ್ದಾರೆ. ಕಾರ್ಖಾನೆ ಮಾಲೀಕರ ಸಂಘದವರಿಗೂ ಅಲ್ಲೇ ಒಂದು ಕೋಣೆ. ಪ್ರತಿ ಮಂಗಳವಾರ ಮೂರೂ ಕಡೆಯವರು ಒಂದೇ ದುಂಡು ಮೇಜಿನ ಸುತ್ತ ಕೂತು, ಕೆಲಸವಿಲ್ಲದವರ ಒಂದೊಂದೇ ಹೆಸರು ಹಿಡಿದು, ಇವನನ್ನು ಎಲ್ಲಿಗೆ ಹಾಕೋಣ, ಇವಳಿಗೆ ಏನು ಕಲಿಸೋಣ ಎಂದು ಮಾತಾಡುತ್ತೇವೆ. ಇದರಿಂದ ಒಳ್ಳೆಯದಾಗಿದೆ, ಸುಳ್ಳು ಹೇಳಬಾರದು. ಮೊದಲು ಜನ ಈ ಬಾಗಿಲಿಂದ ಆ ಬಾಗಿಲಿಗೆ ಅಲೆದು ಚಪ್ಪಲಿ ಸವೆಸುತ್ತಿದ್ದರು. ಎದುರು ಸಾಲಿನ ಟೈಲರ್ ವರ್ಷಗಟ್ಟಲೆ ಮನೆಯಲ್ಲಿ ಕೂತಿದ್ದವನು ಈಗ ಆಸ್ಪತ್ರೆಯ ಬಟ್ಟೆ ಹೊಲಿಯುತ್ತಾನೆ, ನನ್ನನ್ನು ಕಂಡರೆ ದೂರದಿಂದಲೇ ಕೈ ಮುಗಿಯುತ್ತಾನೆ. ಆ ಮೇಜಿನ ಮುಂದೆ ಕೂರುವಾಗ ನನಗೂ ಹೆಮ್ಮೆಯೇ ಆಗುತ್ತಿತ್ತು.

ಲೋಹದ ಸಾಮಾನುಗಳನ್ನು ತೊಟ್ಟಿಯಲ್ಲಿ ಅದ್ದಿ ಹೊಳಪು ಕೊಡುವ ಕಾರ್ಖಾನೆಯೊಂದು ನಮ್ಮಿಂದ ಹೆಚ್ಚು ಜನರನ್ನು ತೆಗೆದುಕೊಳ್ಳುತ್ತದೆ. ಅಡುಗೆ ಕಲಿತವರಾದರೂ ಸರಿ, ಬಡಗಿಯಾದರೂ ಸರಿ, ಜಾಗ ಖಾಲಿ ಇದ್ದರೆ ಬಾ ಎನ್ನುತ್ತಾರೆ. ಹಿಂದಿನ ತಂಡದಲ್ಲಿದ್ದ ನಾಯಿಮೂಗು ಅಲ್ಲಿಗೇ ಹೋದ. ಮುಚ್ಚಿದ ಪಾತ್ರೆಯ ಹತ್ತಿರ ನಿಂತು ಉಪ್ಪು ಕಡಿಮೆಯಾಗಿದೆ ಎನ್ನುತ್ತಾನೆ ಎಂದು ನಿನಗೆ ಬರೆದಿದ್ದೆನಲ್ಲ, ಆ ಹುಡುಗ. ಆ ಮೂಗಿಗಾಗಿಯೇ ತರಗತಿಯವರು ಇಟ್ಟ ಹೆಸರು ಅದು. ಈ ಮಂಗಳವಾರ ಹೊಸಬರಿಗೆ ನಾಲ್ಕು ಧೈರ್ಯದ ಮಾತು ಹೇಳಲಿ ಎಂದು ಅವನನ್ನೂ ಅವನ ಜೊತೆಗಾರರಿಬ್ಬರನ್ನೂ ಕಾರ್ಖಾನೆಯವರೇ ಕಳಿಸಿದ್ದರು. ಹೊಸ ಅಂಗಿ, ಹೊಸ ಬೂಟು. ಎಲ್ಲರಿಗೂ ನಾವೇ ಟೀ ಮಾಡುತ್ತೇವೆ ಮೇಡಂ ಎಂದು ಮೂವರೂ ಅಡುಗೆಕೋಣೆಗೆ ಹೋದರು. ನಾನು ಹಿಂದೆಯೇ ಹೋದೆ. ಬಾಗಿಲಲ್ಲೇ ವಾಸನೆ ಮೂಗಿಗೆ ಬಡಿಯಿತು, ಕೋಣೆಯ ತುಂಬ ಗ್ಯಾಸ್. ಯಾರೋ ಒಲೆಯ ಕಿವಿ ತಿರುಗಿಸಿ ಹಾಗೇ ಬಿಟ್ಟಿದ್ದರು. ಆ ಮೂವರೂ ಒಲೆಯ ಮುಂದೆಯೇ ನಗುತ್ತಾ ನಿಂತಿದ್ದಾರೆ, ನಾಯಿಮೂಗು ಬೆಂಕಿಕಡ್ಡಿ ಗೀರಲು ಕೈ ಎತ್ತಿದ್ದಾನೆ. ಅವನ ಕೈಗೆ ಹೊಡೆದು ಕಡ್ಡಿಪೆಟ್ಟಿಗೆ ಬೀಳಿಸಿದೆ. ಅವನು ನನ್ನ ಮುಖವನ್ನೇ ನೋಡುತ್ತಾ, "ಗ್ಯಾಸಾ? ಎಲ್ಲಿ ಮೇಡಂ?" ಅಂದ. ತಮಾಷೆ ಮಾಡುತ್ತಿರಲಿಲ್ಲ ಅಣ್ಣಾ. ಜೊತೆಗಿದ್ದವರೂ ಹಾಗೇ ಕಣ್ಣು ಬಿಟ್ಟರು. ನಾನೇ ಒಲೆಯ ಕಿವಿ ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದೆ.

ಮೇಜಿಗೆ ಬಂದು ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಆ ತೊಟ್ಟಿಗಳ ಹತ್ತಿರ ನಿಂತು ಕೆಲಸ ಮಾಡಿದ ಮೂವರಿಗೂ ವಾಸನೆಯೇ ತಿಳಿಯದ ಹಾಗೆ ಮೂಗು ಹೋಗಿದೆ, ಮೂಗಿಗೆ ಹತ್ತಿದ್ದು ನಾಳೆ ಎದೆಗೆ ಇಳಿಯುವುದಿಲ್ಲವಾ ಎಂದು ಕೇಳಿದೆ. ಯಾರೂ ನನ್ನನ್ನು ಗದರಲಿಲ್ಲ, ಬಹಳ ಮರ್ಯಾದೆಯಿಂದಲೇ ಕೇಳಿಸಿಕೊಂಡರು. ಉದ್ಯೋಗ ಕಚೇರಿಯವರು, ಕೆಲಸದ ಜಾಗ ಹೇಗಿದೆ ಎಂದು ನೋಡುವುದು ತರಬೇತಿಯವರ ಕೆಲಸವಲ್ಲವೇ ಎಂದರು. ನಮ್ಮ ಪ್ರಿನ್ಸಿಪಾಲರು, ಅದನ್ನು ಸಂಘದವರು ನೋಡುತ್ತಾರೆಂದು ತಿಳಿದಿದ್ದರು. ಸಂಘದವರು, ಸರ್ಕಾರಿ ಕಚೇರಿಯೇ ಜನರನ್ನು ಕಳಿಸುವಾಗ ಅವರೇ ನೋಡಿರುತ್ತಾರೆ ಅಂದುಕೊಂಡೆವು ಎಂದರು. ಹಾಗಾದರೆ ಒಳಗೆ ಹೋಗಿ ನೋಡಿದವರು ಯಾರು ಎಂದೆ. ಯಾರೂ ಹೋಗಿರಲಿಲ್ಲ. ಮೊದಲು ಈ ಮೂರೂ ಕಡೆಯವರಿಗೆ ಹಾವು ಮುಂಗುಸಿ ಜಗಳವಿತ್ತು, ಒಬ್ಬರನ್ನೊಬ್ಬರು ನಂಬದೆ ಮೂವರೂ ಹೋಗಿ ನೋಡಿಬರುತ್ತಿದ್ದರು. ಈಗ ಎಲ್ಲರಿಗೂ ಎಲ್ಲರ ಮೇಲೆ ನಂಬಿಕೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರೆ, ಇಲ್ಲಿ ಜಗಳ ನಿಂತ ಮೇಲೆ ಕೂಸು ಬಡವಾಗುತ್ತಿದೆ. ಕೊನೆಗೆ ಮೂರೂ ಕಡೆಯವರು ಸೇರಿ ಒಂದು ದಿನ ಕಾರ್ಖಾನೆಗೆ ಹೋಗಿಬರೋಣ ಎಂದು ತೀರ್ಮಾನವಾಯಿತು. ಯಾವ ದಿನ ಎಂಬುದು ಮುಂದಿನ ಮಂಗಳವಾರ ತೀರ್ಮಾನವಾಗುತ್ತದಂತೆ. ಅಲ್ಲಿಯವರೆಗೆ ಜನರನ್ನು ಕಳಿಸುವುದು ನಿಲ್ಲಿಸಿ ಎಂದರೆ, ನಿಲ್ಲಿಸಲು ಮೂವರ ಒಪ್ಪಿಗೆಯೂ ಬೇಕು ಎಂದರು.

ಸೋಮವಾರ ಬೆಳಿಗ್ಗೆ ಹೋಗುವ ತಂಡದಲ್ಲಿ ಚೂಟಿ ಇದ್ದಾಳೆ. ತೊಟ್ಟಿ ವಿಭಾಗಕ್ಕೇ. ಕಾರ್ಖಾನೆಯ ಬಸ್ಸು ನಮ್ಮ ಮೂಲೆಗೇ ಬರುತ್ತದೆ. ಹಾಸ್ಟೆಲ್ಲೂ ಅವರದೇ, ಆರು ತಿಂಗಳು ಮನೆಗೆ ರಜೆಯಿಲ್ಲ. ಬೇಡ ಕಣೇ ಎಂದು ಕೈ ಹಿಡಿದು ಹೇಳಿದೆ, ಬೈದೆ, ನಾಚಿಕೆ ಬಿಟ್ಟು ಕಣ್ಣೀರು ಹಾಕಿದೆ. "ಅತ್ತೆ, ನನ್ನ ಸಂಬಳಕ್ಕಿಂತ ನಿಮಗೆ ಮೂಗೇ ದೊಡ್ಡದು" ಅಂದಳು. ಅಪ್ಪನ ಭಾರ ಇಳಿಸುತ್ತೇನೆ ಎನ್ನುವವಳಿಗೆ ನಾನು ಅಡ್ಡಗಾಲು ಹಾಕುವ ಅತ್ತೆಯ ಹಾಗೆ ಕಾಣುತ್ತೇನೆ. ನನ್ನ ಮಾತು ಅವಳಿಗೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ನೀನು ಒಂದು ಮಾತು ಬೇಡ ಅಂದರೆ ನಿಲ್ಲುತ್ತಾಳೆ. ಭಾನುವಾರದೊಳಗೆ ಹೇಗಾದರೂ ಫೋನ್ ಮಾಡು. ಮೇಸ್ತ್ರಿ ನಿಂತಿದ್ದರೆ ನಿಂತಿರಲಿ.

ಹೊತ್ತು ಹೊತ್ತಿಗೆ ಉಣ್ಣು, ಮಂಡಿಗೆ ಎಣ್ಣೆ ಮರೆಯಬೇಡ. ನಿನ್ನ ಹಿರಿತನದ ನೆರಳು ನಮ್ಮಿಬ್ಬರ ಮೇಲೆ ಹೀಗೇ ಇರಲಿ.

ನಿನ್ನ ತಂಗಿ

ಮರೆತ ಮಾತು: ಲಾರಿಯವನು ಹಾರ್ನ್ ಹೊಡೆಯುತ್ತಿದ್ದಾನೆ. ಚೂಟಿ ಈಗ ತಾನೇ ಪೆಟ್ಟಿಗೆ ಕಟ್ಟುತ್ತಾ ಹೇಳಿದಳು, ಮೊನ್ನೆಯೇ ನಿನಗೆ ಫೋನ್ ಮಾಡಿದ್ದಳಂತೆ, ಧೈರ್ಯವಾಗಿ ಹೋಗು ಮಗಳೇ ಅಂದೆಯಂತೆ. ನೀನಿರುವುದೂ ಅದೇ ಕಂಪನಿಯ ನಿಮ್ಮ ಕಡೆಯ ಕಾರ್ಖಾನೆಯ ತೊಟ್ಟಿ ಶೆಡ್ಡಿನಲ್ಲೇ ಅಂತೆ. ವರ್ಷದಿಂದ ಇದ್ದೇನೆ, ನನಗೇನಾಗಿದೆ ಅಂದೆಯಂತೆ. ನನಗೆ ಯಾಕೆ ಬರೆಯಲಿಲ್ಲ ಎಂದು ಈಗ ಕೇಳುವುದಿಲ್ಲ. ಈ ಕಾಗದದ ಎರಡೂ ಬದಿಗೆ ಬೆಳ್ಳುಳ್ಳಿ ಜಜ್ಜಿ ಉಜ್ಜಿದ್ದೇನೆ, ಲಕೋಟೆಯೊಳಗೂ ಒಂದು ಹಿಡಿ ತುಂಬಿ ಅಂಟಿಸುತ್ತೇನೆ. ಲಕೋಟೆ ಹಿಡಿದಾಗಲೇ ನೀನು ಮೂಗು ಮುಚ್ಚಿಕೊಂಡು ನನ್ನನ್ನು ಬೈದಿದ್ದರೆ ನಾನು ಹೇಳಿದ್ದೆಲ್ಲ ಸುಳ್ಳು, ಮಗಳು ಹೋಗಲಿ. ಈ ಸಾಲಿಗೆ ಬರುವವರೆಗೂ ನಿನಗೆ ಏನೂ ತಿಳಿಯದಿದ್ದರೆ, ಅಣ್ಣಾ, ಈಗಲೇ ಎದ್ದು ಅವಳಿಗೆ ಫೋನ್ ಮಾಡು.